ಇರುವೆ ಸಾಕಲು ಮರದ ಗೂಡು: ಬಳ್ಳಾರಿ, ರಾಯಚೂರು, ಕೊಪ್ಪಳದ ಬಿಸಿಲಿಗೆ ಯಾವುದು ಹೊಂದುತ್ತದೆ?

ಮರದ ಗೂಡು ಮಾಡಲು ಹೊರಟವರು ಮೊದಲು ಕೇಳುವುದು ಯಾವ ಮರ ಒಳ್ಳೆಯದು ಎಂದು. ಅದಕ್ಕೂ ಮುಂಚೆ ತೀರ್ಮಾನವಾಗಬೇಕಾದ ಮಾತೊಂದಿದೆ: ಗೂಡಿನಲ್ಲಿ ನೀರು ಎಲ್ಲಿ ನಿಲ್ಲಬೇಕು? ಇರುವೆಯ ಮೊಟ್ಟೆ, ಮರಿಗಳಿಗೆ ತೇವ ಬೇಕೇ ಬೇಕು. ಮರಕ್ಕೆ ತೇವ ಆಗದು. ಇವೆರಡನ್ನೂ ಒಂದೇ ಹಲಗೆಯೊಳಗೆ ಕೂಡಿಸಿದರೆ ಒಂದೋ ಮರಿ ಒಣಗುತ್ತದೆ, ಇಲ್ಲವೇ ಮರಕ್ಕೆ ಬೂಷ್ಟು ಹಿಡಿಯುತ್ತದೆ. ಮುಂದೆ ಹೇಳುವ ನಾಲ್ಕು ಬಗೆಯ ಗೂಡುಗಳನ್ನು ಈ ಒಂದು ಒರೆಗೆ ಹಚ್ಚಿಯೇ ನೋಡಬೇಕು. ಮರದ ಚೆಲುವು, ಗಾಜಿನ ಹೊಳಪು ಎಲ್ಲ ಆಮೇಲಿನ ಮಾತು.

ಈ ಮೂರು ಜಿಲ್ಲೆಗಳ ಹವೆಯಲ್ಲಿ ಈ ಪ್ರಶ್ನೆ ಇನ್ನೂ ಬಿಗಿಯಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಹಗಲಿನ ಬಿಸಿಲು 40 ಡಿಗ್ರಿ ದಾಟುತ್ತದೆ, ಮಧ್ಯಾಹ್ನದ ಗಾಳಿ ಒಣಕಲು. ಮಳೆಗಾಲ ಬಂತೆಂದರೆ ಅದೇ ಕೋಣೆಯ ಗಾಳಿಯಲ್ಲಿ ತೇವ ತುಂಬುತ್ತದೆ. ಬೇಸಿಗೆಯಲ್ಲೇ ಏರ್ ಕೂಲರ್ ಹಾಕುವ ಮನೆಯಾದರೆ ಹಗಲಲ್ಲಿ ಒಂದು ಹವೆ, ರಾತ್ರಿ ಇನ್ನೊಂದು. ಮನೆಯೊಳಗೆ ಇಟ್ಟ ಹಲಗೆಯ ತೇವಾಂಶ ಮೇ ತಿಂಗಳಲ್ಲಿ ಶೇಕಡಾ 6ರ ಆಸುಪಾಸಿಗೆ ಇಳಿದು, ಆಗಸ್ಟ್ ಹೊತ್ತಿಗೆ 12–13ಕ್ಕೆ ಏರಬಹುದು. ಸಾಗವಾನಿಯಂಥ ಗಟ್ಟಿಗ ಮರ ಕೂಡ ತೇವಾಂಶ ಒಂದು ಅಂಶ ಏರಿದರೆ ಅಗಲದಲ್ಲಿ ಶೇಕಡಾ 0.17–0.18ರಷ್ಟು ಹಿಗ್ಗುತ್ತದೆ. ಲೆಕ್ಕ ಹಾಕಿದರೆ 100 ಮಿ.ಮೀ. ಅಗಲದ ಹಲಗೆ ವರ್ಷದೊಳಗೆ 1 ಮಿ.ಮೀ.ಗೂ ಹೆಚ್ಚು ಹಿಗ್ಗಿ ಕುಗ್ಗುತ್ತದೆ. ಉದ್ದಕ್ಕೆ, ಅಂದರೆ ನಾರಿನ ದಿಕ್ಕಿಗೆ, ಈ ಅಲುಗಾಟ ಇಲ್ಲವೆನ್ನುವಷ್ಟು ಕಡಿಮೆ. ಸಣ್ಣ ಜಾತಿಯ ಇರುವೆಗೆ ಅರ್ಧ ಮಿ.ಮೀ. ಸಂದು ಸಿಕ್ಕರೂ ಅದು ಹೆದ್ದಾರಿಯೇ. ಹಾಗಾಗಿ ಗಾಜನ್ನು ಮರಕ್ಕೆ ನೇರವಾಗಿ ಅಂಟಿಸಿ ‘ಸೀಲ್ ಆಯಿತು’ ಎಂದುಕೊಳ್ಳುವ ಗೂಡು ಈ ಭಾಗದಲ್ಲಿ ಒಂದು ಬೇಸಿಗೆ, ಒಂದು ಮಳೆಗಾಲ ದಾಟುವುದೇ ಕಷ್ಟ.

ಯಾವ ಇರುವೆಗೆ ಗೂಡು?

ಹೊಸಬರಿಗೆ ಕರಿ ಗೊದ್ದವೇ ಸರಿ. ಬೇವು, ಜಾಲಿ ಮರದ ಬುಡದಲ್ಲಿ ಸಾಲುಗಟ್ಟುವ ದೊಡ್ಡ ಕಪ್ಪು ಇರುವೆ ಇದು. ವಿಜ್ಞಾನದ ಹೆಸರು ಕ್ಯಾಂಪೊನೋಟಸ್ ಕಂಪ್ರೆಸಸ್. ಕೊಂಡಿ ಚುಚ್ಚುವುದಿಲ್ಲ, ದೊಡ್ಡ ತಲೆಯವು ಕಚ್ಚಿದರೆ ಸ್ವಲ್ಪ ನೋಯುತ್ತದೆ ಅಷ್ಟೆ. ರಾಣಿ ಮೊದಲ ಮರಿಗಳನ್ನು ತನ್ನ ಮೈಯ ಕೊಬ್ಬಿನಿಂದಲೇ ಸಾಕುತ್ತದೆ, ಆ ದಿನಗಳಲ್ಲಿ ಮೇವು ಬೇಡ, ನೀರು ಸಾಕು. ಮುಂಗಾರು ಮಳೆ ಬಿದ್ದ ಮೇಲೆ ಹಾರಿ ಇಳಿದು, ರೆಕ್ಕೆ ಕಳಚಿ ನೆಲದ ಮೇಲೆ ಓಡಾಡುವ ರಾಣಿಯನ್ನು ಹಿಡಿಯುವುದು ಸರಿಯಾದ ದಾರಿ. ಹೊಲದ ಬದುವಿನ ಗೂಡನ್ನು ಅಗೆದು ತರಬೇಡಿ. ಅಗೆಯುವಾಗ ರಾಣಿಯೇ ಸಾಯುವುದು ಹೆಚ್ಚು, ರಾಣಿ ಇಲ್ಲದ ಗುಂಪು ಕೆಲವೇ ತಿಂಗಳಲ್ಲಿ ಕರಗಿಹೋಗುತ್ತದೆ.

ಕೊಂಡಿಯಿಂದ ಉರಿ ಹಚ್ಚುವ ಕೆಂಪಿರುವೆ, ಅಂದರೆ ಸೊಲೆನಾಪ್ಸಿಸ್ ಜೆಮಿನೇಟಾ, ಮರದ ಗೂಡಿಗೆ ಬೇಡವೇ ಬೇಡ. ಮೈ ಸಣ್ಣದು, ಸಂಖ್ಯೆ ಬೇಗ ಬೆಳೆಯುತ್ತದೆ, ನೆನೆದ ಪ್ಲಾಸ್ಟರನ್ನೂ ಮೆತ್ತಗಾದ ಮರವನ್ನೂ ಕೆರೆದು ಹೊರಬರುತ್ತದೆ. ಎಲೆ ಹೊಲಿದು ಗೂಡು ಕಟ್ಟುವ ಚಗಳಿಗೆ ಹಲಗೆಯೊಳಗಿನ ಬಾಳು ಒಗ್ಗುವುದಿಲ್ಲ. ಒಣ ಕೊಂಬೆಯ ಪೊಟರೆಯಲ್ಲಿ ಇರುವ ಕೆಂಪು-ಕಪ್ಪು ಬಣ್ಣದ ಟೆಟ್ರಾಪೊನೆರಾಗೆ ಮರವೇ ನಿಜವಾದ ಮನೆ. ಆದರೆ ಅದರ ಕೊಂಡಿ ಕಡುನೋವಿನದು, ಮಕ್ಕಳಿರುವ ಮನೆಗೆ ತರುವಂಥದ್ದಲ್ಲ.

ಇಲ್ಲಿನ ಅಳತೆಗಳೆಲ್ಲ ಕರಿ ಗೊದ್ದಕ್ಕೆ: ಕೋಣೆಯ ಆಳ 12 ಮಿ.ಮೀ., ದಾರಿಯ ಅಗಲ 9–10 ಮಿ.ಮೀ. ಸಣ್ಣ ಜಾತಿಗೆ ಆಳ 5, ಅಗಲ 4 ಮಿ.ಮೀ. ಸಾಕು. ಕೋಣೆ ದೊಡ್ಡದಾದಷ್ಟೂ ಒಳ್ಳೆಯದು ಎಂಬ ಎಣಿಕೆ ತಪ್ಪು. ಇಪ್ಪತ್ತು ಇರುವೆಗೆ ಇನ್ನೂರರ ಮನೆ ಕೊಟ್ಟರೆ ಖಾಲಿ ಮೂಲೆಯನ್ನು ಅವು ತಿಪ್ಪೆ ಮಾಡಿಕೊಳ್ಳುತ್ತವೆ, ಬೂಷ್ಟು ಅಲ್ಲಿಂದಲೇ ಶುರು.

ಒಂದು: ಇಡೀ ಹಲಗೆ ಕೊರೆದ ಗೂಡು

ಒಂದು ಇಂಚಿನ ಹಲಗೆಯನ್ನು ರಂದಾ ಹೊಡೆದರೆ 22 ಮಿ.ಮೀ. ಉಳಿಯುತ್ತದೆ. ಮರ ಕೊರೆಯುವ ರೂಟರ್ ಯಂತ್ರದಿಂದ 12 ಮಿ.ಮೀ. ಆಳ ಕೊರೆದು ಮೇಲೆ ಗಾಜು ಕೂಡಿಸಿದರೆ ಗೂಡು ಸಿದ್ಧ. ನೋಡಲು ನಾಲ್ಕರಲ್ಲಿ ಇದೇ ಚೆಂದ, ಬಡಗಿಗೆ ಅರ್ಧ ದಿನದ ಕೆಲಸ. ಆದರೆ ತೇವ ಕೊಡುವ ದಾರಿ ಇಲ್ಲಿಲ್ಲ. ನೀರು ಹಾಕಿದ ಕಡೆ ಮರ ಹಿಗ್ಗಿ ಗಾಜನ್ನು ಎತ್ತುತ್ತದೆ, ಒಣಗಿದ ಕಡೆ ಸೀಳು ಬಿಡುತ್ತದೆ. ಮರದ ಒಗರು ಅಂಶವಾದ ಟ್ಯಾನಿನ್ ನೀರಲ್ಲಿ ಕರಗಿ ಕಬ್ಬಿಣದ ಸ್ಕ್ರೂಗೆ ತಾಗಿದರೆ ಸುತ್ತ ಕಪ್ಪು ಕಲೆ ಏಳುತ್ತದೆ. ಗೊದ್ದದ ಜಾತಿಯವು ನೆನೆದ ಮರವನ್ನು ಹಲ್ಲಿನಿಂದ ಕೆರೆಯುವುದೂ ಉಂಟು.

ಇದನ್ನು ಮಾಡಲೇಬೇಕೆಂಬ ಆಸೆ ಇದ್ದರೆ ಮರವನ್ನು ಒಣ ಕೋಣೆಗಳಿಗೆ ಮಾತ್ರ ಬಿಡಿ, ತೇವಕ್ಕೆ ಪಕ್ಕದಲ್ಲಿ ನೀರಿನ ಟೆಸ್ಟ್ ಟ್ಯೂಬ್ ಜೋಡಿಸಿ. ಇರುವೆಗಳು ಮೊಟ್ಟೆ, ಲಾರ್ವಾಗಳನ್ನು ಟ್ಯೂಬಿನಲ್ಲೂ ರೇಷ್ಮೆಗೂಡಿನಂಥ ಕೋಶಗಳನ್ನು ಒಣ ಕೋಣೆಯಲ್ಲೂ ಇಟ್ಟುಕೊಳ್ಳುತ್ತವೆ. ಆಗಲೂ ಬೇಸಿಗೆಯಲ್ಲಿ ಗುಂಪೆಲ್ಲ ಟ್ಯೂಬಿಗೇ ಮುಗಿಬಿದ್ದು, ಕೊರೆದ ಹಲಗೆ ಖಾಲಿ ಬೀಳುವ ಸಂಭವ ಹೆಚ್ಚು.

ಎರಡು: ಮರದ ಪೆಟ್ಟಿಗೆಯೊಳಗೆ ಟೆಸ್ಟ್ ಟ್ಯೂಬ್

ಕೆಡುವುದು ಕಡಿಮೆ, ಖರ್ಚೂ ಕಡಿಮೆ. 16×150 ಮಿ.ಮೀ. ಅಳತೆಯ ಗಾಜಿನ ಟ್ಯೂಬಿಗೆ ಮೂರನೇ ಒಂದು ಭಾಗ ನೀರು, ಅದಕ್ಕೆ ಬಿಗಿಯಾದ ಹತ್ತಿಯ ಬಿರಡೆ. 200×120×40 ಮಿ.ಮೀ. ಪೆಟ್ಟಿಗೆಯಲ್ಲಿ ಇಂಥ ನಾಲ್ಕು ಟ್ಯೂಬು ಮಲಗುತ್ತವೆ, ಮೇಲೆ ಸರಿಯುವ ಮರದ ಮುಚ್ಚಳ. ಮರದ ಕೆಲಸ ಕತ್ತಲು ಕೊಡುವುದಷ್ಟೆ, ನೀರು ಅದಕ್ಕೆ ತಾಗುವುದೇ ಇಲ್ಲ. ರಾಣಿ ಒಂದೇ ಇದ್ದಾಗಿನಿಂದ ಸುಮಾರು 50 ಇರುವೆ ಆಗುವವರೆಗೆ ಇದಕ್ಕಿಂತ ಒಳ್ಳೆಯ ಮನೆ ಇಲ್ಲ.

ಹತ್ತಿ ಮೆಡಿಕಲ್ ಅಂಗಡಿಯದೇ ಇರಲಿ. ರಾಯಚೂರು ಹತ್ತಿಯ ಊರು, ಜಿನ್ನಿಂಗ್ ಫ್ಯಾಕ್ಟರಿಯ ಹತ್ತಿ ಸುಲಭಕ್ಕೆ ಸಿಗುತ್ತದೆ ನಿಜ. ಆದರೆ ಹೊಲದಲ್ಲಿ ಹೊಡೆದ ಕೀಟನಾಶಕದ ಅಂಶ ಅದರಲ್ಲಿ ಉಳಿದಿರಬಹುದು, ಎಣ್ಣೆಯಂಶ ಹೋಗಿರದ ಕಾರಣ ನೀರನ್ನೂ ಸರಿಯಾಗಿ ಹೀರುವುದಿಲ್ಲ.

ಬೇಸಿಗೆಯಲ್ಲಿ ಟ್ಯೂಬಿಗೆ ಒಂದೇ ಅಪಾಯ. ಹತ್ತಿಯ ಹಿಂದೆ, ನೀರಿನ ಜೊತೆ ಗಾಳಿಯ ಗುಳ್ಳೆ ಉಳಿದಿದ್ದರೆ ಮಧ್ಯಾಹ್ನದ ಕಾವಿಗೆ ಅದು ಹಿಗ್ಗಿ ನೀರನ್ನು ಹತ್ತಿಯ ಮೂಲಕ ಹೊರಗೆ ತಳ್ಳುತ್ತದೆ, ಮರಿಗಳು ಮುಳುಗುತ್ತವೆ. ಹತ್ತಿಯನ್ನು ನೀರಿನ ಮಟ್ಟದವರೆಗೆ ಒತ್ತಿ ಗುಳ್ಳೆ ಇಲ್ಲದಂತೆ ನೋಡಿಕೊಳ್ಳಿ. ಹಗಲು-ರಾತ್ರಿ ಕಾವು ಹೆಚ್ಚು ಬದಲಾಗದ ಜಾಗದಲ್ಲಿಡಿ.

ಮೂರು: ಎರಡು ಗಾಜಿನ ನಡುವೆ ಮಣ್ಣು

ಮರದ ಚೌಕಟ್ಟಿಗೆ ಎರಡೂ ಕಡೆ ಗಾಜು, ನಡುವೆ 15 ಮಿ.ಮೀ. ಮಣ್ಣು. ಇರುವೆ ತಾನೇ ಸುರಂಗ ತೋಡುವುದನ್ನು ನೋಡುವ ಸೊಗಸು ಇದೊಂದರಲ್ಲೇ ಉಂಟು. ಹೊಲದ ಎರೆಮಣ್ಣು ಮಾತ್ರ ತುಂಬಬೇಡಿ. ಎರೆ ನೆನೆದಾಗ ಉಬ್ಬಿ ಗಾಜನ್ನು ಹೊರಗೆ ಒತ್ತುತ್ತದೆ, ಒಣಗಿದಾಗ ಬಿರುಕು ಬಿಟ್ಟು ಸುರಂಗವನ್ನು ಕುಸಿಸುತ್ತದೆ. ತೊಳೆದ ಮರಳು ಮೂರು ಪಾಲು, ಜರಡಿ ಹಿಡಿದ ಮಸಾರಿ ಮಣ್ಣು ಒಂದು ಪಾಲು ಬೆರೆಸಿದರೆ ಸುರಂಗ ನಿಲ್ಲುತ್ತದೆ. ರಸಗೊಬ್ಬರ, ಔಷಧಿ ಬೀಳದ ಜಾಗದ ಮಣ್ಣಾಗಿರಬೇಕು. 300×200 ಮಿ.ಮೀ. ಚೌಕಟ್ಟಿಗೆ ಸುಮಾರು 900 ಮಿ.ಲೀ. ಮಣ್ಣು ಹಿಡಿಯುತ್ತದೆ. ಒದ್ದೆ ಮಣ್ಣು ಸದಾ ಮರಕ್ಕೆ ಒರಗಿ ನಿಲ್ಲುವುದರಿಂದ ಕೆಳಗಿನ ಪಟ್ಟಿಯೇ ಮೊದಲು ಕೊಳೆಯುತ್ತದೆ, ಗೆದ್ದಲಿಗೂ ಅದೇ ಕರೆ. ರಾಣಿ ಗಾಜಿನಿಂದ ದೂರ ಗೂಡು ಮಾಡಿಕೊಂಡರೆ ತಿಂಗಳುಗಟ್ಟಲೆ ಕಾಣಿಸುವುದೂ ಇಲ್ಲ. ಶಾಲೆಯಲ್ಲಿ ಮಕ್ಕಳಿಗೆ ಕೆಲವು ವಾರ ತೋರಿಸಲು ಅಡ್ಡಿಯಿಲ್ಲ, ವರ್ಷಗಟ್ಟಲೆ ಸಾಕಲು ಬೇಡ.

ನಾಲ್ಕು: ಮರದ ಚೌಕಟ್ಟು, ಒಳಗೆ ಪಿಒಪಿ ಅಥವಾ ಎಎಸಿ

ಗುಂಪು ಟ್ಯೂಬಿಗೆ ಹಿಡಿಸದಷ್ಟು ಬೆಳೆದ ಮೇಲೆ ನಮ್ಮ ಆಯ್ಕೆ ಇದೇ. ಇರುವೆ ಇರುವುದು ನೀರು ಹೀರುವ ಕಲ್ಲಿನಂಥ ಒಳಗಟ್ಟಿನಲ್ಲಿ, ಮರ ಅದನ್ನು ಹೊರಗಿನಿಂದ ಹಿಡಿದಿರುತ್ತದೆ. ನಡುವೆ ಒಂದು ತಟ್ಟೆ. ಮರ ಎಷ್ಟೇ ಅಲುಗಿದರೂ ಇರುವೆಯ ಮನೆಗೆ ಬಾಧೆಯಿಲ್ಲ, ಚೌಕಟ್ಟು ಹಾಳಾದರೆ ಗುಂಪನ್ನು ಕದಲಿಸದೆ ಬೇರೆ ಹಾಕಬಹುದು.

ಒಳಗಟ್ಟಿಗೆ ಎರಡು ದಾರಿ. ಪಿಒಪಿಯನ್ನು, ಅಂದರೆ ಪ್ಲಾಸ್ಟರ್ ಆಫ್ ಪ್ಯಾರಿಸನ್ನು, ಅಚ್ಚು ಹೊಯ್ಯಬಹುದು, ಗಾಜಿಗೆ ಕೂದಲೆಳೆ ಸಂದಿಲ್ಲದಂತೆ ಕೂರುತ್ತದೆ. ವರ್ಷಾನುಗಟ್ಟಲೆ ನೆನೆದರೆ ಮೇಲ್ಮೈ ಮೆತ್ತಗಾಗುವುದು ಅದರ ಕೊರತೆ. ಎಎಸಿ, ಅಂದರೆ ಗೋಡೆಗೆ ಬಳಸುವ, ಒಳಗೆಲ್ಲ ಸಣ್ಣ ರಂಧ್ರಗಳಿರುವ ಹಗುರ ಬಿಳಿ ಕಾಂಕ್ರೀಟ್ ಇಟ್ಟಿಗೆ, ಹೆಚ್ಚು ಬಾಳುತ್ತದೆ. 600×200×100 ಮಿ.ಮೀ. ಇಟ್ಟಿಗೆ ಒಂದಿದ್ದರೆ ಗರಗಸದಿಂದ ಹಲವು ಗೂಡಿಗಾಗುವಷ್ಟು ಹೋಳು ತೆಗೆಯಬಹುದು, ಉಳಿಯಿಂದ ಕೋಣೆ ಕೆತ್ತಬಹುದು. ಆದರೆ ಮೇಲ್ಮೈ ಸಮ ಮಾಡುವುದೇ ದೊಡ್ಡ ಕೆಲಸ: ಗಾಜಿನ ಮೇಲೆ ಸ್ಯಾಂಡ್ ಪೇಪರ್ ಅಂಟಿಸಿ ಅದರ ಮೇಲೆ ಹೋಳನ್ನು ಉಜ್ಜಬೇಕು. ಪುಡಿ ಪುಪ್ಪಸಕ್ಕೆ ಕೆಟ್ಟದ್ದು, ಮಾಸ್ಕ್ ಹಾಕಿ ಬಯಲಲ್ಲಿ ಕೂತು ಮಾಡಿ. ಹೊಸ ಇಟ್ಟಿಗೆಯಲ್ಲಿ ಕ್ಷಾರ ಇರುತ್ತದೆ. ಐದಾರು ದಿನ ನೀರಲ್ಲಿ ನೆನೆಸಿ, ದಿನವೂ ನೀರು ಬದಲಿಸಿ, ಒಣಗಿಸಿದ ಮೇಲೆ ಬಳಸಿ. ಮೊದಲ ಸಲ ಮಾಡುವವರಿಗೆ ಪಿಒಪಿ, ಕೈ ಕುದುರಿದ ಮೇಲೆ ಎಎಸಿ.

ಅಂಗಡಿಯಲ್ಲಿ ಕೇಳುವಾಗ ಎಚ್ಚರ. ವಾಲ್ ಪುಟ್ಟಿ ಬೇರೆ, ಪಿಒಪಿ ಬೇರೆ. ಪುಟ್ಟಿಯಲ್ಲಿ ಸಿಮೆಂಟು, ಪಾಲಿಮರ್ ಇರುತ್ತವೆ, ನೀರು ಹೀರುವುದಿಲ್ಲ.

ಮರ ಆರಿಸುವುದು

ಚೌಕಟ್ಟಿಗೆ ಸಾಗವಾನಿಯ ಚೇಗು, ಅಂದರೆ ಒಳಗಿನ ಗಟ್ಟಿ ಭಾಗ, ಎಲ್ಲಕ್ಕಿಂತ ನಂಬಿಕಸ್ತ. ಅಲುಗುವುದು ಕಡಿಮೆ, ಗೆದ್ದಲು ತಡೆಯುತ್ತದೆ, ಬೇಕಾದ ತುಂಡು ಸಣ್ಣದಾದ್ದರಿಂದ ಬಡಗಿಯ ಅಂಗಡಿಯ ಉಳಿಕೆಯಲ್ಲೇ ಸಿಗುತ್ತದೆ. ಗೆದ್ದಲನ್ನು ತಡೆಯುವ ಅದರ ಎಣ್ಣೆಯಂಶವೇ ಅದನ್ನು ಕೊರೆದ ಗೂಡಾಗಿ, ಒದ್ದೆಯಾಗಿ, ಇರುವೆಯ ಮೈಗೆ ತಾಗುವಂತೆ ಬಳಸದಿರಲು ಇನ್ನೊಂದು ಕಾರಣ.

ಬಳ್ಳಾರಿ ಜಾಲಿಯನ್ನು ಉರುವಲು ಎಂದು ತಳ್ಳಿಹಾಕುವವರೇ ಹೆಚ್ಚು. ಗೂಡಿನ ಚೌಕಟ್ಟಿಗೆ ಅದು ನಿಜಕ್ಕೂ ಒಳ್ಳೆಯ ಮರ. ಬಳ್ಳಾರಿ ಜಾಲಿ ಸೇರಿದ ಪ್ರಾಸೊಪಿಸ್ ಜಾತಿಯ ಮರಗಳು ಒಣಗುವಾಗ ಕುಗ್ಗುವುದು ಕಡಿಮೆ, ಗಟ್ಟಿ, ಮೇಣ ಹಚ್ಚಿ ಉಜ್ಜಿದರೆ ಕೆಂಗಂದು ಬಣ್ಣ ಎದ್ದು ಬರುತ್ತದೆ. ತೊಂದರೆ ಬೇರೆ ಕಡೆ ಇದೆ: ನೆಟ್ಟಗಿನ ತುಂಡು ಸಿಗುವುದು ಅಪರೂಪ, ಅಂಚಿನ ಬಿಳಿ ಭಾಗಕ್ಕೆ ಕುಟ್ಟೆ ಹುಳ ಬೀಳುತ್ತದೆ. ಬಿಳಿ ಭಾಗ ಪೂರ್ತಿ ತೆಗೆದು, ತುಂಡು ಮಾಡಿ, ನೆರಳಲ್ಲಿ ಆರು ತಿಂಗಳಾದರೂ ಒಣಗಿಸಬೇಕು. 200 ಮಿ.ಮೀ. ಉದ್ದದ ಪಟ್ಟಿಯಷ್ಟೇ ಬೇಕಾಗಿರುವ ಈ ಕೆಲಸಕ್ಕೆ ಅದರ ಡೊಂಕು ಅಡ್ಡಿಯಾಗುವುದಿಲ್ಲ.

ಬೇವು ಬೇಡ. ಕೀಟಗಳಿಗೆ ಒಗ್ಗದ ಕಹಿಯ ಮರವನ್ನು ಕೀಟ ಸಾಕಲು ಆರಿಸುವುದೇಕೆ? ಮಾವಿಗೆ ಬೂಷ್ಟು, ಕುಟ್ಟೆ ಎರಡೂ ಬೇಗ. ಕೊಪ್ಪಳದ ಪಕ್ಕದ ಕಿನ್ನಾಳದ ಗೊಂಬೆಗಳಿಗೆ ಬಳಸುವಂಥ ಹಗುರ ಮರ ಮುಚ್ಚಳಕ್ಕೆ ಚೆನ್ನ. ಅಲ್ಲಿನ ಚಿತ್ರಗಾರರ ಕೈಯಲ್ಲಿ ಬಣ್ಣ ಬರೆಸಿದ ಮುಚ್ಚಳ ಮನೆಯ ಪಡಸಾಲೆಗೂ ಒಪ್ಪುತ್ತದೆ. ನೀರು ತಾಗುವ ಕಡೆ ಮಾತ್ರ ಆ ಮರ ಬೇಡ, ಬಣ್ಣ ಹೊರಮೈಗಷ್ಟೇ ಇರಲಿ.

ಹಳೇ ಮಾಳಿಗೆ ಮನೆ ಕೆಡವಿದಾಗ ಸಿಗುವ ತೊಲೆ, ಜಂತಿಗಳು ಪೂರ್ತಿ ಒಣಗಿದವು, ಇನ್ನು ಅಲುಗುವುದು ಕಡಿಮೆ. ಆದರೆ ಗೆದ್ದಲಿಗೆಂದು ಡಾಂಬರು, ಸುಟ್ಟ ಆಯಿಲ್, ಪುಡಿ ಔಷಧಿ ಬಳಿದಿದ್ದರೆ ಅದು ಮರದೊಳಗೆ ಇಳಿದಿರುತ್ತದೆ. ಮೂಸಿ ನೋಡಿ, ಸ್ವಲ್ಪವೂ ಘಾಟು ಇದ್ದರೆ ಬಿಟ್ಟುಬಿಡಿ. ಕಾರ್ಖಾನೆಗಳಿಂದ ಬರುವ ಪ್ಯಾಲೆಟ್ ಮರದ ಮೇಲಿನ ಮುದ್ರೆ ಓದಿ: ‘ಎಚ್‌ಟಿ’ ಎಂದಿದ್ದರೆ ಕಾಯಿಸಿದ್ದು, ಬಳಸಬಹುದು. ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಹೊಗೆ ಹಾಕಿದ್ದು, ಮುಟ್ಟಬೇಡಿ.

ಪ್ಲೈವುಡ್ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ‘ಗೆದ್ದಲು ತಡೆಯುತ್ತದೆ, ಕುಟ್ಟೆ ಬರುವುದಿಲ್ಲ’ ಎಂದು ಮಾರುವ ಪ್ಲೈಯ ಪದರಕ್ಕೋ ಅಂಟಿಗೋ ಕೀಟನಾಶಕ ಸೇರಿಸಿರುತ್ತಾರೆ. ಐಎಸ್ 710 ಗುರುತಿನ ಮರೀನ್ ಪ್ಲೈಗಂತೂ ರಕ್ಷಕ ರಾಸಾಯನಿಕ ಹಾಕಲೇಬೇಕೆಂಬ ನಿಯಮವಿದೆ. ಅಡುಗೆಮನೆಗೆ ಅತ್ಯುತ್ತಮ ಎನಿಸಿಕೊಂಡ ಹಲಗೆ ಇರುವೆಗೆ ಅತಿ ಕೆಟ್ಟದ್ದು. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ಒಂದೇ ಸಲ ನೆನೆದರೂ ಉಬ್ಬಿ ಪುಡಿಯಾಗುತ್ತದೆ.

ಮರದ ಬಗ್ಗೆ ಅನುಮಾನ ಇದ್ದರೆ ಹೀಗೆ ಪರೀಕ್ಷಿಸಿ. ಎರಡು ಡಬ್ಬಿ ತೆಗೆದುಕೊಂಡು ಮುಚ್ಚಳಕ್ಕೆ ಸೂಜಿಯಿಂದ ತೂತು ಹಾಕಿ, ಎರಡರಲ್ಲೂ ಒದ್ದೆ ಹತ್ತಿ, ಒಂದು ತೊಟ್ಟು ಸಕ್ಕರೆ ನೀರು ಇಡಿ. ಒಂದರಲ್ಲಿ ಮಾತ್ರ ಆ ಮರದ ಹೊಟ್ಟು ಹರಡಿ. ಹೊರಗೆ ಓಡಾಡುವ ಗೊದ್ದಗಳನ್ನು ಐದೈದರಂತೆ ಬಿಟ್ಟು 48 ಗಂಟೆ ನೋಡಿ. ಹೊಟ್ಟಿನ ಡಬ್ಬಿಯವು ಮಾತ್ರ ತತ್ತರಿಸಿದರೆ, ಬೆನ್ನ ಮೇಲೆ ಬಿದ್ದು ಒದ್ದಾಡಿದರೆ, ಆ ಮರ ಬೇಡ. ಎರಡರಲ್ಲೂ ಗೆಲುವಾಗಿದ್ದರೆ ತಂದ ಜಾಗದಲ್ಲೇ ಬಿಟ್ಟು ಬನ್ನಿ.

ಕಟ್ಟುವ ಕ್ರಮ

ಒಳಗಟ್ಟು 150×100×25 ಮಿ.ಮೀ. ಅದು ಕೂರುವ ಅಕ್ರಿಲಿಕ್ ತಟ್ಟೆಯ ಒಳ ಅಳತೆ 154×104, 3 ಮಿ.ಮೀ. ಹಾಳೆಯಾದ್ದರಿಂದ ಹೊರ ಅಳತೆ 160×110, ತಳ ಸೇರಿ ಎತ್ತರ 10. ಚೌಕಟ್ಟಿನ ಒಳ ಅಳತೆ 164×114. ಅಂದರೆ ತಟ್ಟೆಯ ಸುತ್ತ 2 ಮಿ.ಮೀ. ಖಾಲಿ, ಮರ ಹಿಗ್ಗಿದರೂ ತಟ್ಟೆಯನ್ನು ಒತ್ತುವುದಿಲ್ಲ. ಪಟ್ಟಿಯ ದಪ್ಪ 18 ಮಿ.ಮೀ., ಬಡಗಿಯ ಲೆಕ್ಕದಲ್ಲಿ ಆರು ಸೂತಕ್ಕೆ ಚೂರು ಕಡಿಮೆ. 200 ಮಿ.ಮೀ.ನವು ಎರಡು, ಅವುಗಳ ನಡುವೆ ಕೂರುವ 114 ಮಿ.ಮೀ.ನವು ಎರಡು. ಮೂಲೆಗೆ ಫೆವಿಕಾಲ್, ಜೊತೆಗೆ ಒಂದೂವರೆ ಇಂಚಿನ ಹಿತ್ತಾಳೆ ಸ್ಕ್ರೂ. ಕೆಳಗೆ 150 ಮಿ.ಮೀ. ಉದ್ದ, 10 ಮಿ.ಮೀ. ದಪ್ಪದ ಎರಡು ಅಡ್ಡಪಟ್ಟಿ. ತಟ್ಟೆ ಅವುಗಳ ಮೇಲೆ ಕೂರುತ್ತದೆ, ಅಡಿಯಲ್ಲಿ ಗಾಳಿ ಆಡುತ್ತದೆ.

ಪಟ್ಟಿಯ ಎತ್ತರವೇ ಈ ಗೂಡಿನ ಗುಟ್ಟು. ತಟ್ಟೆಯ ತಳ 3, ಒಳಗಟ್ಟು 25, ಕೂಡಿಸಿದರೆ 28 ಮಿ.ಮೀ. ಪಟ್ಟಿಯ ಎತ್ತರ 27 ಮಾತ್ರ ಇರಬೇಕು. ಹಾಗಿದ್ದರೆ ಗಾಜಿನ ಭಾರವೆಲ್ಲ ಪಿಒಪಿಯ ಮೇಲೆ ಕೂರುತ್ತದೆ, ಮರಕ್ಕೆ ತಾಗುವುದಿಲ್ಲ. ಪಟ್ಟಿಯನ್ನು 28ಕ್ಕೇ ಇಟ್ಟರೆ ಮಳೆಗಾಲದಲ್ಲಿ ಅದು ಮೂರನೇ ಒಂದು ಮಿ.ಮೀ.ನಷ್ಟು ಹಿಗ್ಗಿ ಗಾಜನ್ನು ಎತ್ತುತ್ತದೆ, ಇರುವೆಗಳು ಕೋಣೆಯಿಂದ ಕೋಣೆಗೆ ಗಾಜಿನಡಿಯಲ್ಲೇ ಕಾಲು ತೂರಿಸಿ ಕೆರೆಯಲು ಶುರುಮಾಡುತ್ತವೆ. ಉಳಿದ 1 ಮಿ.ಮೀ. ಸಂದಿಗೆ ಹಳೇ ಸೈಕಲ್ ಟ್ಯೂಬಿನ ಪಟ್ಟಿ ಕತ್ತರಿಸಿ ಇಡಿ. ಕನ್ನಡಿ ಕೂಡಿಸುವ ನಾಲ್ಕು ಕ್ಲಿಪ್‌ಗಳಿಂದ ಗಾಜನ್ನು ಹಿಡಿಸಿದಾಗ ಅದು ಮೆತ್ತೆಯಾಗುತ್ತದೆ, ಗಾಜು ಸೀಳುವುದಿಲ್ಲ. ಗಾಜು 184×134, ದಪ್ಪ 4 ಮಿ.ಮೀ., ಅಂಚು ಉಜ್ಜಿಸಿದ್ದು.

ಈಗ ಅಚ್ಚು. ಗೂಡಿಗೆ ಬಳಸುವ ಅದೇ ಗಾಜನ್ನು ಮೇಜಿನ ಮೇಲೆ ಇಟ್ಟು ಸೋಪಿನ ನೀರು ತೆಳ್ಳಗೆ ಸವರಿ. ಕೋಣೆ, ದಾರಿಗಳ ಆಕಾರವನ್ನು ಮಣ್ಣಿನಲ್ಲಿ ಮಾಡಿ ಗಾಜಿನ ಮೇಲೆ ಕೂಡಿಸಿ. ಗೂಡಿನೊಳಗೆ ಬೇಡವೆಂದ ಎರೆಮಣ್ಣು ಈ ಕೆಲಸಕ್ಕೆ ಬಲು ಚೆನ್ನ, ಜರಡಿ ಹಿಡಿದು ನಾದಿದರೆ ಹಿಟ್ಟಿನಂತೆ ಬಾಗುತ್ತದೆ. ಎತ್ತರ ಎಲ್ಲ ಕಡೆ 12 ಮಿ.ಮೀ., ಅಂಚಿನಿಂದ 15 ಮಿ.ಮೀ. ದೂರ, ಎರಡು ಕೋಣೆಗಳ ನಡುವೆ 6 ಮಿ.ಮೀ. ಗೋಡೆಯಾಗುವಷ್ಟು ಜಾಗ. ಸುತ್ತ 150×100ರ ಬೇಲಿಯನ್ನು ಸನ್‌ಮೈಕಾ ಪಟ್ಟಿಯಿಂದ ಕಟ್ಟಿ ಟೇಪು ಹಾಕಿ. ಬಾಗಿಲಿಗೆ 12 ಮಿ.ಮೀ. ದುಂಡನೆಯ ಕಡ್ಡಿಯೊಂದನ್ನು ಎಣ್ಣೆ ಸವರಿ, ಬೇಲಿಯಿಂದ ಮೊದಲ ಕೋಣೆಯವರೆಗೆ ಅಡ್ಡ ಇಡಿ. ಅದರ ನಡುಮಧ್ಯ ಗಾಜಿನಿಂದ 9 ಮಿ.ಮೀ. ಮೇಲಿರಲಿ.

245 ಮಿ.ಲೀ. ನೀರಿಗೆ 350 ಗ್ರಾಂ ಪಿಒಪಿ. ಪುಡಿಯನ್ನು ನೀರಿಗೆ ಉದುರಿಸಬೇಕು. ಪುಡಿಯ ಮೇಲೆ ನೀರು ಸುರಿದರೆ ಗಂಟು, ಗುಳ್ಳೆ ಎರಡೂ ಉಳಿಯುತ್ತವೆ. ಎರಡು ನಿಮಿಷ ಬಿಟ್ಟು ಮೆಲ್ಲಗೆ ಕಲಸಿ, ಒಂದು ಮೂಲೆಯಿಂದ ಸುರಿದು ಮೇಜನ್ನು ತಟ್ಟಿ. ಅಷ್ಟೂ ಹಿಡಿಯುವುದಿಲ್ಲ, 25 ಮಿ.ಮೀ. ಗುರುತಿಗೆ ನಿಲ್ಲಿಸಿ. ಅರ್ಧ ಗಂಟೆಯಲ್ಲಿ ಬಿಸಿಯಾಗಿ ಬಿಗಿಯುತ್ತದೆ. ಒಂದು ಗಂಟೆಯ ಮೇಲೆ ಕಡ್ಡಿಯನ್ನು ತಿರುಗಿಸುತ್ತ ಎಳೆದು, ಬೇಲಿ ಬಿಚ್ಚಿ, ಗಾಜಿನಿಂದ ಪಕ್ಕಕ್ಕೆ ಸರಿಸಿ ತೆಗೆಯಿರಿ. ಮಣ್ಣನ್ನು ನೀರಿನಲ್ಲಿ ತೊಳೆದುಬಿಡಿ.

ಒಣಗಿಸುವುದರಲ್ಲಿ ಅವಸರ ಬೇಡ. ದಿನವೂ ತೂಗಿ, ಎರಡು ದಿನ ತೂಕ ಇಳಿಯದೆ ನಿಂತರೆ ಒಣಗಿತು. 350 ಗ್ರಾಂ ಪುಡಿಯೂ ಹಿಡಿದಿದ್ದರೆ ತೂಕ ಸುಮಾರು 415 ಗ್ರಾಂಗೆ ನಿಲ್ಲುತ್ತದೆ, ಬಿಗಿಯುವಾಗ ಪಿಒಪಿ ತನ್ನೊಳಗೆ ಕಟ್ಟಿಕೊಳ್ಳುವ ನೀರಿನ ತೂಕ ಸೇರಿ. ಹೊಯ್ಯದೆ ಉಳಿಸಿದಷ್ಟೂ ಅದು ಕಡಿಮೆ. ಒಣಗಿದ ಮೇಲೆ ಅಡಿಭಾಗದ ಮೂರನೇ ಎರಡು ಪಾಲಿಗೆ ಕರಗಿಸಿದ ಜೇನುಮೇಣ ಸವರಿ. ತಟ್ಟೆಯ ನೀರು ಮೇಣವಿಲ್ಲದ ತುದಿಯಿಂದ ಮಾತ್ರ ಏರುತ್ತದೆ. ಒಂದು ತುದಿ ಒದ್ದೆ, ನಡುವೆ ಹದ, ಇನ್ನೊಂದು ತುದಿ ಒಣ. ಎಲ್ಲಿ ಎಷ್ಟು ತೇವ ಬೇಕೆಂಬುದನ್ನು ಇರುವೆಗಳೇ ಆರಿಸಿಕೊಳ್ಳಲಿ, ನಾವು ಊಹಿಸುವುದಕ್ಕಿಂತ ಅದು ಮೇಲು.

ಬಾಗಿಲಿಗೆ ಗೌಂಡಿಗಳು ಮಟ್ಟ ನೋಡುವ ಪಾರದರ್ಶಕ ಲೆವೆಲ್ ಪೈಪು, ಹೊರ ಅಳತೆ 12 ಮಿ.ಮೀ. ಚೌಕಟ್ಟಿನ ತೂತು 14 ಮಿ.ಮೀ. ಇರಲಿ, ಪೈಪು ಮರಕ್ಕೆ ತಾಗದೆ ನೇರ ಪಿಒಪಿಯೊಳಗೆ ಹೋಗಿ ನಿಲ್ಲಬೇಕು. ಪೈಪಿನ ಇನ್ನೊಂದು ತುದಿ ಮೇವಿನ ಅಂಗಳಕ್ಕೆ, ಅಂದರೆ ಇರುವೆಗಳು ಹೊರಬಂದು ಮೇವು ತಿನ್ನುವ ಮುಚ್ಚಳದ ಡಬ್ಬಿಗೆ. ನೀರು ಹಾಕಲು ಮೇಣವಿಲ್ಲದ ತುದಿಯಲ್ಲಿ ಚೌಕಟ್ಟಿಗೆ 5 ಮಿ.ಮೀ. ತೂತು, ಅದರ ಮೂಲಕ ತಟ್ಟೆಗೆ ಇಳಿಯುವ ತುಂಡು ಸಲೈನ್ ಪೈಪು. ಮರಕ್ಕೆ ಹೊರಗೂ ಒಳಗೂ ಜೇನುಮೇಣ ಸಾಕು. ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗಿನ ಪಾಲಿಶ್ ಪೂರ್ತಿ ಆರಿದ ಮೇಲೆ ತೊಂದರೆ ಕೊಡುವುದಿಲ್ಲ. ಅಗಸೆ ಎಣ್ಣೆ ಒಣಗಲು ವಾರಗಳೇ ಬೇಕು, ಮೆಲಮೈನ್ ಪಾಲಿಶಿನ ಘಾಟು ಬಹಳ ದಿನ ನಿಲ್ಲುತ್ತದೆ.

ಗಾಳಿಗೆ ಪ್ರತ್ಯೇಕ ತೂತು ಒಳಗಟ್ಟಿನಲ್ಲಿ ಬೇಡ, ಮೇವಿನ ಅಂಗಳದ ಮುಚ್ಚಳದಲ್ಲಿ ಇದ್ದರೆ ಸಾಲದೇ ಎಂದು ಕೇಳುವವರಿದ್ದಾರೆ. ಬೇಸಿಗೆಗೆ ಸಾಕು. ಮಳೆಗಾಲಕ್ಕೆ ಒಣ ತುದಿಯ ಗೋಡೆಯಲ್ಲಿ 6 ಮಿ.ಮೀ.ನ ಒಂದು ತೂತು ಕೊರೆದು ಸ್ಟೀಲ್ ಜಾಲರಿ ಹಾಕಿ. ಗೊದ್ದಕ್ಕಾದರೆ ಟೀ ಸೋಸುವ ಜಾಲರಿಯ ತುಂಡೂ ಆದೀತು. ಸಣ್ಣ ಜಾತಿಗೆ 80 ಮೆಶ್ ಬೇಕು, ಅದರ ಕಣ್ಣು 0.18 ಮಿ.ಮೀ.

ನೀರು, ಬಿಸಿಲು, ಹೊರಗಿನ ಶತ್ರು

ಮೊದಲ ಸಲ 15–20 ಮಿ.ಲೀ. ಹಾಕಿ. ಆಮೇಲೆ ಬೇಸಿಗೆಯಲ್ಲಿ ಮೂರು ದಿನಕ್ಕೊಮ್ಮೆ, ಚಳಿಗಾಲದಲ್ಲಿ ವಾರಕ್ಕೊಮ್ಮೆ 10 ಮಿ.ಲೀ. ಎಂದು ಶುರುಮಾಡಿ, ಗಾಜು ನೋಡಿ ಹೊಂದಿಸಿಕೊಳ್ಳಿ. ಒದ್ದೆ ತುದಿಯಲ್ಲಿ ಬೆಳಗಿನ ಹೊತ್ತು ಸ್ವಲ್ಪ ಮಂಜು ಕಟ್ಟಿದರೆ ಹದ. ಗಾಜಿನ ಮೇಲೆಲ್ಲ ಹನಿ ಇಳಿದರೆ ಹೆಚ್ಚಾಯಿತು. ಇರುವೆಗಳೆಲ್ಲ ಒದ್ದೆ ತುದಿಗೆ ಒತ್ತರಿಸಿ, ಮರಿಗಳನ್ನು ಬಾಯಲ್ಲಿ ಹಿಡಿದೇ ನಿಂತಿದ್ದರೆ ಕಡಿಮೆಯಾಯಿತು. ಬೋರ್‌ವೆಲ್ ನೀರು ಬೇಡ. ಈ ಭಾಗದ ಗಡಸು ನೀರಿನ ಲವಣ ಪಿಒಪಿಯ ರಂಧ್ರಗಳಲ್ಲಿ ಕೂತು ಬಿಳಿ ಪೊರೆ ಕಟ್ಟುತ್ತದೆ, ಕೆಲವು ತಿಂಗಳಲ್ಲಿ ನೀರು ಏರುವುದೇ ನಿಲ್ಲುತ್ತದೆ. ಆರ್‌ಒ ನೀರು ಇಲ್ಲವೇ ಹಿಡಿದಿಟ್ಟ ಮಳೆನೀರು ಬಳಸಿ.

ಗೊದ್ದಕ್ಕೆ 26ರಿಂದ 30 ಡಿಗ್ರಿ ಹಿತ. ಆರ್‌ಸಿಸಿ ಮನೆಯ ಮೇಲಂತಸ್ತಿನ ಕೋಣೆ ಮೇ ತಿಂಗಳ ಸಂಜೆ ಅದಕ್ಕಿಂತ ಬಹಳ ಮೇಲಿರುತ್ತದೆ. ಗೂಡನ್ನು ಕೆಳಮಹಡಿಯ, ಬಡಗು ಗೋಡೆಯ ಮೂಲೆಗೆ, ಶಹಾಬಾದ್ ಕಲ್ಲಿನ ನೆಲಕ್ಕೆ ಹತ್ತಿರವಾಗಿ, ಗಿಡ್ಡ ಮಣೆಯ ಮೇಲಿಡಿ. ಮಣೆಯ ನಾಲ್ಕು ಕಾಲೂ ನೀರಿನ ಬಟ್ಟಲಲ್ಲಿರಲಿ, ನೀರಿಗೆ ಒಂದು ತೊಟ್ಟು ಸೋಪು. ಇದು ಗೆದ್ದಲನ್ನೂ ತಡೆಯುತ್ತದೆ, ಮೇವಿನ ವಾಸನೆ ಹಿಡಿದು ಬಂದು ಸಾಕಿದ ಗುಂಪನ್ನೇ ಕೊಂದುಹಾಕುವ ಹೊರಗಿನ ಸಣ್ಣ ಇರುವೆಗಳನ್ನೂ ತಡೆಯುತ್ತದೆ. ಬೇಸಿಗೆಯಲ್ಲಿ ಬಟ್ಟಲು ಎರಡೇ ದಿನಕ್ಕೆ ಬತ್ತಬಹುದು. ಕೂಲರಿನ ಗಾಳಿ ನೇರವಾಗಿ ಗೂಡಿಗೆ ಬೀಸದಿರಲಿ.

ಮೇವಿನ ಅಂಗಳದ ಅಂಚಿಗೆ ವ್ಯಾಸಲಿನ್ ಹಚ್ಚಿದರೆ ಇಲ್ಲಿನ ಬಿಸಿಲಿಗೆ ಅದು ಕರಗಿ ಇಳಿಯುತ್ತದೆ, ಇರುವೆಗಳು ಅದರಲ್ಲೇ ಸಿಕ್ಕಿ ಸಾಯುತ್ತವೆ. ಒಂದು ಪಾಲು ಟಾಲ್ಕಂ ಪೌಡರಿಗೆ ಮೂರು ಪಾಲು ಐಸೊಪ್ರೊಪೈಲ್ ಆಲ್ಕೊಹಾಲ್ ಕಲಸಿ ಒಳ ಅಂಚಿನ ಎರಡು ಬೆರಳಗಲಕ್ಕೆ ಬಳಿಯಿರಿ, ಆರಿದ ಮೇಲೆ ಇರುವೆಗೆ ಕಾಲು ನಿಲ್ಲುವುದಿಲ್ಲ. ಒದ್ದೆಯಾದರೆ ಕೆಡುತ್ತದೆ, ಆಗ ಮತ್ತೆ ಬಳಿಯಬೇಕು.

ಸೊಳ್ಳೆ ಕಾಯಿಲ್, ಕರೆಂಟಿಗೆ ಹಾಕುವ ಸೊಳ್ಳೆ ಔಷಧಿ, ಗೋಡೆಗೆ ಗೀಚುವ ಇರುವೆ ಚಾಕ್, ಬೀದಿಯ ಫಾಗಿಂಗ್ ಹೊಗೆ: ಇವು ಗೂಡು ಇರುವ ಕೋಣೆಗೆ ಬರಕೂಡದು. ಹತ್ತಿ, ಮೆಣಸಿನಕಾಯಿ ಹೊಲದ ಪಕ್ಕದ ಮನೆಯಾದರೆ ಔಷಧಿ ಹೊಡೆಯುವ ದಿನ ಕಿಟಕಿ ಮುಚ್ಚಿ. ಅಂಥ ಹೊಲದ ಮಿಡತೆಯನ್ನು ಹಿಡಿದು ಮೇವಾಗಿ ಹಾಕಲೂಬೇಡಿ.

ಬೂಷ್ಟು ಕಂಡರೆ ಮೊದಲು ನೀರು ನಿಲ್ಲಿಸಿ, ಔಷಧಿ ಹುಡುಕಬೇಡಿ. ಬಿಳಿ ತೆಳು ಬೂಷ್ಟು ತಿಪ್ಪೆಯ ಮೇಲಷ್ಟೇ ಇದ್ದರೆ ಇರುವೆಗಳೇ ನೋಡಿಕೊಳ್ಳುತ್ತವೆ. ಹಸಿರೋ ಕಪ್ಪೋ ಬೂಷ್ಟು ಕೋಣೆಯ ಗೋಡೆಗೆ ಹಬ್ಬಿದರೆ ಇನ್ನೊಂದು ಒಳಗಟ್ಟು ಹೊಯ್ದು ಗುಂಪನ್ನು ಸಾಗಿಸಬೇಕು.

ಸಾಗಿಸುವಾಗ ಅಲುಗಾಡಿಸುವುದು, ಸುರಿಯುವುದು ಬೇಡ. ಹಳೆಯ ಮನೆಗೂ ಹೊಸದಕ್ಕೂ ಪೈಪು ಜೋಡಿಸಿ, ಹೊಸದಕ್ಕೆ ನೀರು ಹಾಕಿ ಮುಚ್ಚಳ ಮುಚ್ಚಿ, ಹಳೆಯದರ ಮೇಲಿನ ಮುಚ್ಚಳ ತೆಗೆದು ಬೆಳಕು ಬೀಳಲು ಬಿಡಿ. ನೇರ ಬಿಸಿಲು ಮಾತ್ರ ಬೇಡ, ಗಾಜಿನ ಟ್ಯೂಬಿನೊಳಗೆ ಹತ್ತೇ ನಿಮಿಷಕ್ಕೆ ಬೇಯುತ್ತವೆ. ಕೆಲವು ಗುಂಪು ಒಂದೇ ರಾತ್ರಿ ಹೊರಡುತ್ತದೆ, ಕೆಲವಕ್ಕೆ ವಾರಗಳು ಬೇಕು. ರಾಣಿ ಹೊಸ ಕೋಣೆಯಲ್ಲಿರುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಹಳೆಯ ಟ್ಯೂಬನ್ನು ಕಳಚಿ.